ಟರ್ಮಿನ್ (ಕಚೇರಿ ಭೇಟಿಯ ಸಮಯ) ಸಿಕ್ಕಿಲ್ಲ ಅಂತ ಹೆದರಬೇಡಿ, ಅರ್ಜಿ ಕೊಟ್ಟಿದ್ದೀರಾ ಹೇಳಿ

ಜರ್ಮನಿಯಲ್ಲಿರುವ ಕನ್ನಡಿಗರು ವಾಸ ಪರವಾನಗಿ ಬಗ್ಗೆ ಬರೆಯುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತೇನೆ. ವಿಳಾಸ ನೋಂದಣಿ, ಆರೋಗ್ಯ ವಿಮೆ, ಫೋಟೊ ಅಳತೆ ಇವನ್ನೆಲ್ಲ ನಿಮ್ಮ ನಗರದ ಕಚೇರಿಯ ಪುಟದಲ್ಲೇ ಓದಿಕೊಳ್ಳಿ.

ನನ್ನ ವಾಸ ಪರವಾನಗಿ ಇನ್ನು ಮೂರು ವಾರಕ್ಕೆ ಮುಗಿಯುತ್ತದೆ. ಔಸ್‌ಲೆಂಡರ್‌ಬೆಹೋರ್ಡೆಯಲ್ಲಿ (ವಿದೇಶಿಯರ ವಾಸ ನೋಡಿಕೊಳ್ಳುವ ಕಚೇರಿ) ಟರ್ಮಿನ್ ಸಿಕ್ಕಿರುವುದು ಮೂರು ತಿಂಗಳ ನಂತರ. ಅಲ್ಲಿಯವರೆಗೆ ನಾನಿಲ್ಲಿ ಇರುವುದು ಅಕ್ರಮವೇ? ಕೆಲಸ ನಿಲ್ಲಿಸಬೇಕಾಗಬಹುದು ಅಂತ ಎಚ್‌ಆರ್‌ನವರು ಹೇಳುತ್ತಿದ್ದಾರೆ. ನಡುವೆ ತಂಗಿಯ ಮದುವೆಗೆ ಊರಿಗೂ ಹೋಗಬೇಕು.

ಟರ್ಮಿನ್ ಯಾವಾಗ ಸಿಕ್ಕಿದೆ ಅಂತ ಎಲ್ಲರೂ ಬರೆಯುತ್ತೀರಿ. ಅರ್ಜಿ ಕೊಟ್ಟಿದ್ದೀರಾ ಇಲ್ಲವಾ ಅಂತ ಒಬ್ಬರೂ ಬರೆಯುವುದಿಲ್ಲ. ಕಾನೂನು ನೋಡುವುದು ಎರಡನೆಯದನ್ನು. ಜರ್ಮನಿಯ ವಾಸ ಕಾಯ್ದೆಯ 81ನೇ ಕಲಂ, 4ನೇ ಉಪಕಲಂ ಹೇಳುವುದು ಇಷ್ಟು: ಪರವಾನಗಿಯ ಅವಧಿ ಮುಗಿಯುವ ಮೊದಲು ನವೀಕರಣಕ್ಕೆ ಅರ್ಜಿ ಕೊಟ್ಟಿದ್ದರೆ, ಕಚೇರಿ ತೀರ್ಮಾನ ಮಾಡುವವರೆಗೆ ಹಳೆಯ ಪರವಾನಗಿ ನಡೆಯುತ್ತಲೇ ಇರುತ್ತದೆ. ಅದರ ಜೊತೆಗಿದ್ದ ಕೆಲಸದ ಹಕ್ಕೂ ನಡೆಯುತ್ತದೆ. ಊರಿಂದ ತಂದ ಡಿ ವೀಸಾದ (ದೀರ್ಘ ವಾಸದ ವೀಸಾ) ಮೇಲೆ ಇರುವವರಿಗೂ ಇದೇ ನಿಯಮ. ಷೆಂಗೆನ್ ವೀಸಾಗೆ (ಕಡಿಮೆ ದಿನದ ಭೇಟಿಯ ವೀಸಾ) ಇದು ಅನ್ವಯಿಸುವುದಿಲ್ಲ.

ಟರ್ಮಿನ್ ಬುಕ್ ಮಾಡಿದ್ದನ್ನೇ ಅರ್ಜಿ ಅಂದುಕೊಳ್ಳುವವರು ತುಂಬಾ ಜನ. ನಿಮ್ಮ ನಗರದ ಕಚೇರಿಯೇ ಹಾಗಂತ ಬರವಣಿಗೆಯಲ್ಲಿ ಹೇಳಿದ್ದರೆ ಸರಿ. ಇಲ್ಲದಿದ್ದರೆ ನಂಬಬೇಡಿ. 'ದಯವಿಟ್ಟು ಬೇಗ ಟರ್ಮಿನ್ ಕೊಡಿ' ಅಂತ ಹತ್ತು ಸಲ ಮೇಲ್ ಕಳಿಸಿದರೂ ಅದು ಅರ್ಜಿ ಆಗುವುದಿಲ್ಲ. 'ನನ್ನ ಪರವಾನಗಿ ನವೀಕರಿಸಬೇಕೆಂದು ಈ ಮೂಲಕ ಅರ್ಜಿ ಸಲ್ಲಿಸುತ್ತಿದ್ದೇನೆ' ಎಂಬ ಮಾತು ಪತ್ರದಲ್ಲಿ ಇರಲೇಬೇಕು, ಅದೂ ಜರ್ಮನ್‌ನಲ್ಲಿ.

ನಗರದ ಪೋರ್ಟಲ್‌ನಲ್ಲಿ ಆನ್‌ಲೈನ್ ಅರ್ಜಿ ಇದ್ದರೆ ಅಲ್ಲೇ ಹಾಕಿ, ಕೊನೆಗೆ ಬರುವ ಪಿಡಿಎಫ್ ರಸೀದಿಯನ್ನು ಇಳಿಸಿಟ್ಟುಕೊಳ್ಳಿ. ಪೋರ್ಟಲ್ ಇಲ್ಲದಿದ್ದರೆ ಒಂದು ಹಾಳೆ ಸಾಕು. ಹೆಸರು, ಹುಟ್ಟಿದ ದಿನ, ಈಗಿನ ವಿಳಾಸ, ವಾಸ ಪರವಾನಗಿ ಕಾರ್ಡಿನ ನಂಬರ್, ಅವಧಿ ಮುಗಿಯುವ ದಿನ, ಏನು ಬೇಕು ಎಂಬ ಒಂದು ವಾಕ್ಯ, ಕೆಳಗೆ ಸಹಿ. ಜೊತೆಗೆ ಪಾಸ್‌ಪೋರ್ಟ್, ಕಾರ್ಡ್, ಕೆಲಸದ ಕರಾರು, ಇತ್ತೀಚಿನ ಸಂಬಳದ ಚೀಟಿಗಳ ಪ್ರತಿ ಇಡಿ. ಯಾವುದೋ ಒಂದು ಕಾಗದ ಸಿಕ್ಕಿಲ್ಲ ಅಂತ ಅರ್ಜಿಯನ್ನೇ ತಡಮಾಡಬೇಡಿ, ಅದನ್ನು ಆಮೇಲೆ ಕಳಿಸಬಹುದು. ರಿಜಿಸ್ಟರ್ಡ್ ಅಂಚೆಯಲ್ಲಿ ಸ್ವೀಕೃತಿ ಚೀಟಿಯ ಸಮೇತ ಕಳಿಸಿ, ಅದೇ ದಿನ ಇಮೇಲ್ ಕೂಡ ಮಾಡಿ. ಅವಧಿ ಮುಗಿಯುವ ದಿನದೊಳಗೆ ಅರ್ಜಿ ಕಚೇರಿಗೆ ತಲುಪಿರಬೇಕು. ತಲುಪಿತು ಎಂಬುದಕ್ಕೆ ಪುರಾವೆ ನಿಮ್ಮ ಕೈಯಲ್ಲಿರಬೇಕು. ನಿಮಗಿನ್ನೂ ಮೂರು ವಾರ ಇದೆ ಅಲ್ವಾ, ಈ ವಾರವೇ ಕಳಿಸಿ. ನನ್ನನ್ನು ಕೇಳಿದರೆ ಮೂರು ತಿಂಗಳ ಮೊದಲೇ ಕಳಿಸಬೇಕಿತ್ತು.

ಎಚ್‌ಆರ್‌ನವರಿಗೆ ಹಳೆಯ ಕಾರ್ಡಿನ ಪ್ರತಿ, ಅರ್ಜಿಯ ಪ್ರತಿ, ತಲುಪಿದ ಪುರಾವೆ ಕೊಡಿ. ಅವರಿಗೆ ಇನ್ನೂ ಧೈರ್ಯ ಬರದಿದ್ದರೆ ಫಿಕ್ಷನ್ಸ್‌ಬೆಶೈನಿಗುಂಗ್ ತರಿಸಿಕೊಡಿ. 'ಅರ್ಜಿ ಬಾಕಿ ಇದೆ, ಹಕ್ಕು ಹೀಗಿದೆ' ಅಂತ ಕಚೇರಿಯೇ ಕೊಡುವ ಮಡಚುವ ಕಾಗದ ಅದು. ಶುಲ್ಕ 13 ಯೂರೊ. ಆ ಕಾಗದದಿಂದ ಹಕ್ಕು ಹುಟ್ಟುವುದಲ್ಲ. ಹಕ್ಕು ಅರ್ಜಿ ಕೊಟ್ಟಾಗಲೇ ಕಾನೂನಿನಿಂದ ಬಂದಿದೆ, ಕಾಗದ ಅದಕ್ಕೆ ಸಾಕ್ಷಿ ಮಾತ್ರ.

ಈಗ ಮದುವೆ ವಿಷಯ. ಇಲ್ಲಿ ಆ ಕಾಗದವೇ ಮುಖ್ಯ. ಅದರ ಮೂರನೇ ಪುಟ ತೆಗೆದು ನೋಡಿ. ಮೂರು ಚೌಕಗಳಿರುತ್ತವೆ. ಮೂರನೇ ಚೌಕಕ್ಕೆ ಗುರುತು ಹಾಕಿದ್ದರೆ, ಅಂದರೆ 81ನೇ ಕಲಂನ 4ನೇ ಉಪಕಲಂ ಪ್ರಕಾರ ಪರವಾನಗಿ ಮುಂದುವರಿದಿದೆ ಅಂತಿದ್ದರೆ, ಅವಧಿ ಮುಗಿದ ಹಳೆಯ ಕಾರ್ಡ್ ಮತ್ತು ಪಾಸ್‌ಪೋರ್ಟ್ ಜೊತೆಗೆ ಅದನ್ನು ತೋರಿಸಿ ಜರ್ಮನಿಗೆ ವಾಪಸ್ ಬರಬಹುದು. ಮೊದಲ ಅಥವಾ ಎರಡನೇ ಚೌಕಕ್ಕೆ ಗುರುತು ಬಿದ್ದಿದ್ದರೆ ಆ ಕಾಗದ ಹಿಡಿದು ದೇಶದ ಒಳಗೆ ಬರುವಂತಿಲ್ಲ. ಟಿಕೆಟ್ ಬುಕ್ ಮಾಡಿ, ಉಡುಗೊರೆ ಎಲ್ಲ ಕಟ್ಟಿಟ್ಟು, ಆಮೇಲೆ ಈ ಪುಟ ನೋಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಹಳೆಯ ಕಾರ್ಡನ್ನು ಯಾರಿಗೂ ಕೊಡಬೇಡಿ, ಎಸೆಯಲೂ ಬೇಡಿ. ಬರೀ ಇಮೇಲ್ ರಸೀದಿ ನಂಬಿ ವಿಮಾನ ಹತ್ತಬೇಡಿ. ನೀವಿಲ್ಲಿ ಇರುವುದು ಕಾನೂನು ಪ್ರಕಾರ ಸರಿಯಾಗಿಯೇ ಇರಬಹುದು. ಆದರೆ ವಾಪಸ್ ಬರುವಾಗ ವಿಮಾನ ಕಂಪನಿಯ ಕೌಂಟರ್‌ನಲ್ಲಿರುವವರು ನೋಡುವುದು ಕಾರ್ಡಿನ ಮೇಲಿನ ತಾರೀಖನ್ನು. ಅವರು ಹತ್ತಿಸದಿದ್ದರೆ ಹೊಸ ವೀಸಾಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ದಾರಿ ಹಿಡಿಯಬೇಕಾದೀತು. ಇಲ್ಲಿ ಕೆಲಸ, ಮನೆ ಬಾಡಿಗೆ ಎರಡೂ ಕಾಯುತ್ತಿರುತ್ತವೆ. ಕಾಗದ ಸರಿ ಇದ್ದರೂ ಹೊಸ ಕಾರ್ಡ್ ಬರುವವರೆಗೆ ಪ್ರಯಾಣ ಬೇಡ ಅಂತಲೇ ನಾನು ಹೇಳುವುದು. ಇದು ನನ್ನ ಎಚ್ಚರಿಕೆ, ಕಾನೂನು ಇಷ್ಟು ಬಿಗಿಯಾಗಿಲ್ಲ. ಆದರೆ ತಂಗಿಯ ಮದುವೆಗೆ ಹೋಗಬೇಡಿ ಅಂತ ಹೇಳಲಾಗುತ್ತದೆಯೇ? ಟಿಕೆಟ್ ಮತ್ತು ಲಗ್ನಪತ್ರಿಕೆಯ ಪ್ರತಿ ಲಗತ್ತಿಸಿ, ಪ್ರಯಾಣದ ದಿನ ಬರೆದು, ಫಿಕ್ಷನ್ಸ್‌ಬೆಶೈನಿಗುಂಗ್ ತುರ್ತಾಗಿ ಬೇಕು ಅಂತ ಕಚೇರಿಗೆ ಈಗಲೇ ಬರೆಯಿರಿ. ಆಗುವುದಾದರೆ ನೇರ ವಿಮಾನದಲ್ಲೇ ಹೋಗಿ ಬನ್ನಿ. ನಡುವೆ ಇಳಿದರೆ ಇದೇ ಕಾಗದವನ್ನು ಇನ್ನೊಂದು ಕೌಂಟರ್‌ನಲ್ಲೂ ವಿವರಿಸಬೇಕಾಗುತ್ತದೆ.

ಅವಧಿ ಮುಗಿದುಹೋದ ಮೇಲೆ ಇದನ್ನು ಓದುತ್ತಿದ್ದರೆ ಇವತ್ತೇ ಅರ್ಜಿ ಕೊಡಿ, ತಡವಾದ ಕಾರಣ ಬರೆಯಿರಿ. ತೀರಾ ಕಷ್ಟಕ್ಕೆ ಸಿಕ್ಕುವಂಥ ಸಂದರ್ಭದಲ್ಲಿ ಹಳೆಯ ಪರವಾನಗಿ ಮುಂದುವರಿಯುತ್ತದೆಂದು ಆದೇಶಿಸುವ ಅಧಿಕಾರ ಕಚೇರಿಗಿದೆ. ಕೊಟ್ಟೇ ಕೊಡುತ್ತಾರೆ ಅಂತಲ್ಲ. ವಲಸೆ ಕಾನೂನಿನ ವಕೀಲರನ್ನು ಕಾಣಿ. ಅರ್ಜಿ ಕೊಟ್ಟು ಮೂರು ತಿಂಗಳಾದರೂ ಸರಿಯಾದ ಕಾರಣವಿಲ್ಲದೆ ತೀರ್ಮಾನ ಬರದಿದ್ದರೆ ಆಡಳಿತ ನ್ಯಾಯಾಲಯಕ್ಕೆ ಹೋಗುವ ದಾರಿಯೂ ಇದೆ. ಅದನ್ನು ಮೊದಲ ವಾರವೇ ಬೆದರಿಕೆಯಾಗಿ ಬಳಸಿ ಅಧಿಕಾರಿಗಳ ಮನಸ್ಸು ಕೆಡಿಸಬೇಡಿ.

ವಾಟ್ಸಾಪ್ ಗುಂಪಿನಲ್ಲಿ ಒಬ್ಬರು 150 ಯೂರೊಗೆ ಟರ್ಮಿನ್ ಕೊಡಿಸುತ್ತಾರಂತೆ. ತಗೊಳ್ಳಲಾ?

ಬೇಡ. ಟರ್ಮಿನ್‌ಗೆ ದುಡ್ಡಿಲ್ಲ. ಮೂರು ತಿಂಗಳಿಗಿಂತ ಹೆಚ್ಚಿನ ನವೀಕರಣಕ್ಕೆ ಕಚೇರಿಯೇ ತೆಗೆದುಕೊಳ್ಳುವುದು 93 ಯೂರೊ. ಜನರ ಭಯವನ್ನು ಮಾರಿ ಬದುಕುವವರಿಗೆ ನಿಮ್ಮ ಪಾಸ್‌ಪೋರ್ಟ್ ಪ್ರತಿ ಕಳಿಸಬೇಡಿ.

ಪ್ರವಾಸಿ ವೀಸಾದಲ್ಲಿ ಬಂದು ಇಲ್ಲೇ ಕೆಲಸದ ಪರವಾನಗಿ ಮಾಡಿಸಬಹುದಾ? ನನ್ನ ಅಮೆರಿಕನ್ ಸಹಪಾಠಿ ಹಾಗೇ ಮಾಡಿದ.

ಅಮೆರಿಕ, ಕೆನಡಾ, ಜಪಾನ್‌ನಂಥ ಕೆಲವು ದೇಶದವರಿಗೆ ಆ ಸೌಲಭ್ಯವಿದೆ. ಭಾರತದ ಪಾಸ್‌ಪೋರ್ಟ್‌ಗೆ ಇಲ್ಲ.

ಕೆಲಸ ಹೋಯಿತು. ಹೊಸದು ಸಿಗುವವರೆಗೆ ಸುಮ್ನೆ ಇದ್ದರೆ ಆಗದಾ?

ಆಗದು. ಕೆಲಸ ಅವಧಿಗೆ ಮೊದಲೇ ನಿಂತುಹೋಗುತ್ತದೆಂದು ಗೊತ್ತಾದ ಎರಡು ವಾರದೊಳಗೆ ನೀವೇ ಕಚೇರಿಗೆ ತಿಳಿಸಬೇಕು. ಕಂಪನಿಯೂ ತಿಳಿಸುತ್ತದೆ, ಮುಚ್ಚಿಟ್ಟರೆ ಕಷ್ಟ ನಿಮಗೇ. ತಿಳಿಸುವಾಗಲೇ ಹೊಸ ಕೆಲಸ ಹುಡುಕಲು ಸಮಯ ಕೇಳಿ.

ಆರು ತಿಂಗಳಿಗೊಮ್ಮೆ ಬಂದು ಒಂದು ದಿನ ಇದ್ದು ಹೋದರೆ ಪರವಾನಗಿ ಉಳಿಯುತ್ತದೆ ಅಂತ ಏಜೆಂಟ್ ಹೇಳಿದ್ದಾರೆ.

ಈ ಮಾತನ್ನು ಹಬ್ಬಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಆರು ತಿಂಗಳೊಳಗೆ ವಾಪಸ್ ಬರದಿದ್ದರೆ ಸಾಮಾನ್ಯವಾಗಿ ಪರವಾನಗಿ ಹೋಗುತ್ತದೆ. ಬ್ಲೂ ಕಾರ್ಡ್ (ಹೆಚ್ಚು ಓದಿದ ನುರಿತ ಕೆಲಸಗಾರರ ಪರವಾನಗಿ) ಇರುವವರಿಗೆ ಆ ಗಡುವು 12 ತಿಂಗಳು. ಅಷ್ಟು ನಿಜ. ಆದರೆ ಈ ಗಡುವನ್ನು ಹೇಳುವ ಕಲಂನಲ್ಲೇ ಇನ್ನೊಂದು ಮಾತಿದೆ: ತಾತ್ಕಾಲಿಕವಲ್ಲದ ಕಾರಣಕ್ಕೆ ದೇಶ ಬಿಟ್ಟರೆ ಆರು ತಿಂಗಳು ಕಾಯಬೇಕಿಲ್ಲ, ಹೊರಟಾಗಲೇ ಪರವಾನಗಿ ಮುಗಿಯುತ್ತದೆ. ಮನೆ ಖಾಲಿ ಮಾಡಿ, ಕೆಲಸ ಬಿಟ್ಟು, ನೋಂದಣಿ ರದ್ದು ಮಾಡಿಸಿ ಊರಿಗೆ ಹೋದವರು ವರ್ಷಕ್ಕೆರಡು ಸಲ ಬಂದು ಮುಖ ತೋರಿಸಿದರೆ ಏನೂ ಉಳಿಯುವುದಿಲ್ಲ. ತಂದೆತಾಯಿಯ ಆರೈಕೆಯಂಥ ಕಾರಣಕ್ಕೆ ಜಾಸ್ತಿ ದಿನ ಹೊರಗಿರಬೇಕಿದ್ದರೆ ಹೊರಡುವ ಮೊದಲೇ ಕಚೇರಿಯಿಂದ ಹೆಚ್ಚಿನ ಗಡುವನ್ನು ಬರವಣಿಗೆಯಲ್ಲಿ ಪಡೆಯಿರಿ.

ಪಾಸ್‌ಪೋರ್ಟ್ ಅವಧಿ ಎಂಟು ತಿಂಗಳಷ್ಟೇ ಉಳಿದಿದೆ. ಮೊದಲು ಯಾವುದನ್ನು ನವೀಕರಿಸಲಿ?

ಪಾಸ್‌ಪೋರ್ಟ್. ಪರವಾನಗಿಯನ್ನು ಸಾಮಾನ್ಯವಾಗಿ ಪಾಸ್‌ಪೋರ್ಟಿನ ಅವಧಿ ಮೀರಿ ಕೊಡುವುದಿಲ್ಲ. ಪರವಾನಗಿ ಅಷ್ಟರೊಳಗೆ ಮುಗಿಯುವುದಿದ್ದರೆ ಹೊಸ ಪಾಸ್‌ಪೋರ್ಟ್‌ಗೆ ಕಾಯದೆ ನವೀಕರಣದ ಅರ್ಜಿ ಹಾಕಿ, ಪಾಸ್‌ಪೋರ್ಟ್‌ಗೆ ಕೊಟ್ಟಿರುವ ರಸೀದಿಯನ್ನು ಜೊತೆಗಿಡಿ.