ದರೋಡೆಕೋರನಿಗೆ ಯಾಕೆ ನಾಲ್ಕು ಪುಟ?

(ಕಳೆದ ಸಂಚಿಕೆಯಲ್ಲಿ ದರೋಡೆಕೋರನಾಗಿದ್ದು ಕಾದಂಬರಿಕಾರನಾದ ಎಡ್ವರ್ಡ್ ಬಂಕರ್ ಕುರಿತ ಲೇಖನ ಓದಿ ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಜೈಲಿಗೆ ಹೋಗಿಬಂದ ಅಮೆರಿಕದವನಿಗೆ ನಾಲ್ಕು ಪುಟ ಯಾಕೆ? ಅಪರಾಧ ಮಾಡಿದರೆ ಪುಸ್ತಕ, ಸಿನಿಮಾ ಎಲ್ಲ ಸಿಗುತ್ತೆ ಅಂತ ಹುಡುಗರು ತಿಳಿಯುವುದಿಲ್ಲವೇ? ಅವನ ಕೈಲಿ ನೊಂದವರ ಗತಿ ಏನು?")

ನಿಮ್ಮ ಕೋಪ ನನಗೆ ಅರ್ಥವಾಗುತ್ತದೆ. ಆದರೆ ಅಪರಾಧ ಮಾಡಿದ್ದಕ್ಕೇ ಬಂಕರ್‌ಗೆ ಇದೆಲ್ಲ ಸಿಕ್ಕಿತು ಎನ್ನುವ ಮಾತನ್ನು ಒಪ್ಪಲಾರೆ.

ಆತ ಸ್ಯಾನ್ ಕ್ವೆಂಟಿನ್ ಜೈಲು ಸೇರಿದಾಗ ವಯಸ್ಸು 17. ಆಗ ಅಲ್ಲಿದ್ದ ಕೈದಿಗಳಲ್ಲೆಲ್ಲ ಚಿಕ್ಕವನು. ಅದೇ ಜೈಲಿನಲ್ಲಿ ಮರಣದಂಡನೆಗೆ ಕಾಯುತ್ತಿದ್ದ ಕ್ಯಾರಿಲ್ ಚೆಸ್‌ಮನ್ ಪುಸ್ತಕ ಬರೆದದ್ದು ನೋಡಿ ಇವನಿಗೂ ಆಸೆ ಹುಟ್ಟಿತು. ಮೂಕಿ ಚಿತ್ರಗಳ ಕಾಲದ ಹಾಸ್ಯನಟಿ ಲೂಯಿಸ್ ವಾಲಿಸ್ ಟೈಪ್‌ರೈಟರ್ ಕಳಿಸಿಕೊಟ್ಟರು. ಆಮೇಲಿನದು ಬರೀ ಪ್ರಕಾಶಕರ ತಿರಸ್ಕಾರ. ಹಸ್ತಪ್ರತಿ ಕಳಿಸಲು ಅಂಚೆ ಖರ್ಚಿಗೆ ರಕ್ತ ಮಾರಿದ. ಹದಿನೈದು ವರ್ಷಕ್ಕೂ ಜಾಸ್ತಿ ಬರೆದ ಮೇಲೆ, 1973ರಲ್ಲಿ ಮೊದಲ ಕಾದಂಬರಿ ಅಚ್ಚಾಯಿತು. ಆಗಲೂ ಆತ ಕೈದಿಯೇ.

ಬರವಣಿಗೆ ಅವನನ್ನು ತಿದ್ದಿತು ಅಂತ ಸುಮ್ನೆ ಹೇಳಿಬಿಡುವುದು ಸುಲಭ. ನಿಜ ಹಾಗಿಲ್ಲ. ಬರೆಯುತ್ತಿದ್ದ ಅಷ್ಟೂ ವರ್ಷ, ಜೈಲಿನಿಂದ ಹೊರಬಂದಾಗಲೆಲ್ಲ ಕಳ್ಳತನ, ದರೋಡೆಯೂ ನಡೆದೇ ಇತ್ತು. ಒಮ್ಮೆ ಡ್ರಗ್ಸ್ ಮಾರುತ್ತಾನೆ ಎಂಬ ಗುಮಾನಿಯ ಮೇಲೆ ಪೊಲೀಸರು ಅವನ ಕಾರಿಗೆ ಗುಟ್ಟಾಗಿ ಜಾಡು ತಿಳಿಸುವ ಯಂತ್ರ ಅಳವಡಿಸಿ ಬೆನ್ನು ಹತ್ತಿದರು. ಆತ ನೇರ ಬ್ಯಾಂಕ್ ದೋಚಲು ಹೋದ! ಕೊನೆಗೆ 1975ರಲ್ಲಿ ಹೊರಬಂದ. 2005ರಲ್ಲಿ ಸಾಯುವವರೆಗೂ ಮತ್ತೆ ಜೈಲಿಗೆ ಹೋಗಲಿಲ್ಲ. ಯಾಕೆ? ಬರೆದದ್ದಕ್ಕೆ ದುಡ್ಡು ಬರತೊಡಗಿತ್ತು. ಬಿಡುಗಡೆಯಾದವನಿಗೆ ಯಾರೂ ಕೆಲಸ ಕೊಡದಿದ್ದರೆ ಏನಾಗುತ್ತದೆ ಎನ್ನುವುದೇ ಆ ಮೊದಲ ಕಾದಂಬರಿಯ ವಸ್ತು. ನನ್ನ ಮಟ್ಟಿಗೆ ಆತನ ಬದುಕಿನ ತಿರುಳೂ ಅದೇ.

ಸಿನಿಮಾ ವಿಷಯಕ್ಕೆ ಬಂದರೆ, ಪಾತ್ರಗಳೆಲ್ಲ ಪುಟ್ಟವು. 1992ರಲ್ಲಿ ನಿರ್ದೇಶಕ ಟ್ಯಾರಂಟಿನೊ ಚಿತ್ರದ 'ಮಿಸ್ಟರ್ ಬ್ಲೂ' ಆಗಿ ಬಂದು ಹೋಗುವುದು ಕೆಲವೇ ನಿಮಿಷ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1985ರಲ್ಲಿ ತೆರೆಕಂಡ ಚಿತ್ರವೊಂದರ ಸೆಟ್ಟಿನಲ್ಲಿ ನಡೆದದ್ದು. ಅದರ ಚಿತ್ರಕಥೆಯಲ್ಲಿ ಬಂಕರ್‌ದೂ ಕೈ ಇತ್ತು; ಚಿತ್ರದ ನಟನೆಗೆ, ಸಂಕಲನಕ್ಕೆ ಆಸ್ಕರ್ ನಾಮನಿರ್ದೇಶನವೂ ಬಂತು. ವ್ಯಸನದಿಂದ ಹೊರಬರಲು ಒದ್ದಾಡುತ್ತಿದ್ದ ಒಬ್ಬ ಹುಡುಗನಿಗೆ ಧೈರ್ಯ ಹೇಳಲು ಡ್ಯಾನಿ ಟ್ರೆಹೊ ಆ ಸೆಟ್ಟಿಗೆ ಬಂದಿದ್ದ. ಸ್ಯಾನ್ ಕ್ವೆಂಟಿನ್‌ನಲ್ಲಿ ಜೊತೆಗಿದ್ದವನು ಅಂತ ಬಂಕರ್ ಗುರುತು ಹಿಡಿದ. ಚಿತ್ರದ ನಟ ಎರಿಕ್ ರಾಬರ್ಟ್ಸ್‌ಗೆ ಬಾಕ್ಸಿಂಗ್ ಕಲಿಸುವ ಕೆಲಸ ಕೊಡಿಸಿದ. ದಿನಕ್ಕೆ 320 ಡಾಲರ್. ಟ್ರೆಹೊ ನಟನಾದದ್ದು ಅಲ್ಲಿಂದ. ತನಗೆ ಟೈಪ್‌ರೈಟರ್ ಕೊಟ್ಟವರಿದ್ದರು, ಆತ ಇನ್ನೊಬ್ಬನಿಗೆ ಕೆಲಸ ಕೊಡಿಸಿದ. ನಾಲ್ಕು ಪುಟ ಕೊಡಲು ನನಗೆ ಇಷ್ಟು ಸಾಕಾಗಿತ್ತು. ಹುಡುಗರು ಓದಲಿ ಅಂತಲೇ ಕೊಟ್ಟೆ.

ನೊಂದವರ ಬಗ್ಗೆ ನೀವು ಕೇಳಿದ್ದು ನ್ಯಾಯವಾಗಿದೆ. ಬಂಕರ್ ಬರೆದದ್ದು ಕೈದಿಯ ಕಡೆಯಿಂದ. ದೋಚಿಸಿಕೊಂಡವರ ಕಡೆಯಿಂದ ನೀವೇ ಯಾಕೆ ಬರೆಯಬಾರದು? ಅದಕ್ಕೂ ನಾಲ್ಕು ಪುಟ ಕೊಡುತ್ತೇನೆ.

– ಸಂಪಾದಕ