ಮೋಟಾರ್‌ಹೋಮ್‌ಗೆ ಯಾವ ಚಾಸಿ? ಮೊದಲು ತೂಕದ ಚೀಟಿ, ಆಮೇಲೆ ಗಾಡಿಯ ಹೆಸರು

ಮಂಡ್ಯದಿಂದ ನೀವು ಕೇಳಿರುವುದು ಇಷ್ಟು: ಗಂಡ, ಹೆಂಡತಿ, ಇಬ್ಬರು ಮಕ್ಕಳು ಮಲಗುವಂಥ, ಒಳಗೇ ಶೌಚಾಲಯವೂ ಚಿಕ್ಕದೊಂದು ಅಡುಗೆ ಕಟ್ಟೆಯೂ ಇರುವ ಮೋಟಾರ್‌ಹೋಮ್ ಮಾಡಿಸಬೇಕು, ಓಡಾಟ ಹೆಚ್ಚಾಗಿ ಊಟಿ, ಕೊಡಗು, ಬಿಳಿಗಿರಿರಂಗನ ಬೆಟ್ಟದ ಕಡೆಗೆ, ಅದಕ್ಕೆ ಫೋರ್ಸ್ ಕಂಪನಿಯ ಟೆಂಪೋ ಟ್ರಾವೆಲರ್ ಸರಿಯೋ, ಟಾಟಾದ ವಿಂಗರ್ ಸರಿಯೋ, ಫೋರ್ಸ್‌ನದೇ ಅರ್ಬೇನಿಯಾ ವ್ಯಾನ್ ಸರಿಯೋ, ಇಲ್ಲವೇ ಮಿನಿ ಬಸ್ಸಿನ ಬರೀ ಚಾಸಿ, ಅಂದರೆ ಎಂಜಿನ್ನು ಚಕ್ರಗಳಿರುವ ತಳದ ಚೌಕಟ್ಟು ತಂದು ಮೇಲೆ ಬಾಡಿ ಕಟ್ಟಿಸುವುದು ಸರಿಯೋ? ನಾನು ಮೈಸೂರಿನಲ್ಲಿ ಬಸ್ಸು, ಆಂಬುಲೆನ್ಸ್‌ಗಳ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ನಕ್ಷೆ ಮತ್ತು ತೂಕದ ಲೆಕ್ಕ ನೋಡಿಕೊಳ್ಳುವವನು. ಆ ಅನುಭವದ ಮೇಲೆ ಉತ್ತರಿಸುತ್ತಿದ್ದೇನೆ.

ಈ ನಾಲ್ಕರಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಒಳಗೆ ಏನೇನು ಇಡುತ್ತೀರೋ ಅದೆಲ್ಲದರ ತೂಕವನ್ನು ಒಂದು ಹಾಳೆಯಲ್ಲಿ ಬರೆಯಿರಿ. ನಾಲ್ವರ ಮೈತೂಕ ಸುಮಾರು 280 ಕೆಜಿ, ಬಟ್ಟೆಬರೆ ಪಾತ್ರೆ ಪಡಗ 80, ನೀರು 120 ಲೀಟರ್ ಎಂದರೆ 120 ಕೆಜಿ. ಎಂಟಡಿ ನಾಲ್ಕಡಿಯ 18 ಮಿಲಿಮೀಟರ್ ಪ್ಲೈವುಡ್ ಹಾಳೆ ಒಂದೊಂದೂ 35 ಕೆಜಿಯ ಆಸುಪಾಸಿನಲ್ಲಿರುತ್ತದೆ; ಮನೆಯ ವಾರ್ಡ್‌ರೋಬ್ ಮಾಡುವ ಬಡಗಿಯ ಕೈಗೆ ಕೆಲಸ ಕೊಟ್ಟರೆ ಅಂಥ ಹತ್ತು ಹಾಳೆ ಸಲೀಸಾಗಿ ಒಳಗೆ ಸೇರುತ್ತವೆ, ಅಲ್ಲಿಗೆ 350 ಕೆಜಿ. ಇನ್ವರ್ಟರ್‌ನ ಎರಡು ಟ್ಯೂಬ್ಯುಲರ್ ಬ್ಯಾಟರಿಗೆ ನೂರು ಕೆಜಿಗೂ ಮೇಲೆ, ಮೇಲ್ಚಾವಣಿಯ ಎಸಿಗೆ 40, ಫ್ರಿಜ್ಜಿಗೆ 35, ಹಾಸಿಗೆಗಳಿಗೆ 60, ಶಾಖ ತಡೆಯುವ ಪದರ, ತಗಡು, ವೈರು, ಕೊಳಾಯಿಗಳಿಗೆ ಇನ್ನೊಂದು 150. ಕೂಡಿದರೆ 1,200 ಕೆಜಿ ದಾಟುತ್ತದೆ. ಇದು ಅತಿ ಆಸೆಯ ಪಟ್ಟಿಯೇನೂ ಅಲ್ಲ, ಸಾಧಾರಣ ಪಟ್ಟಿ.

ಪ್ರತಿಯೊಂದು ಗಾಡಿಗೂ ತಯಾರಕರು ನಿಗದಿ ಮಾಡಿದ ಒಟ್ಟು ತೂಕದ ಮಿತಿಯೊಂದು ಇರುತ್ತದೆ, ಖಾಲಿ ತೂಕವೂ ಇರುತ್ತದೆ. ಎರಡರ ನಡುವಿನ ವ್ಯತ್ಯಾಸವೇ ನಿಮಗೆ ಉಳಿಯುವ ಹೊರೆ. 17 ಜನ ಕೂರುವ ಗಾಡಿಯಲ್ಲಿ ಜನರ ತೂಕವೇ ಸಾವಿರ ಕೆಜಿ ಮೀರುತ್ತದೆ, ಸೀಟು ಕಿತ್ತರೆ ಇನ್ನೂ ಇನ್ನೂರೋ ಮುನ್ನೂರೋ ಕೆಜಿ ಸಿಗುತ್ತದೆ, ಹಾಗಾಗಿ ಸರಿಹೋಗುತ್ತದೆ ಎಂದು ಹಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಲೆಕ್ಕ ತಪ್ಪಲ್ಲ, ಆದರೆ ಪ್ರಯಾಣಿಕರು ಊರು ಬಂದಾಗ ಇಳಿದುಹೋಗುತ್ತಾರೆ. ಪ್ಲೈವುಡ್ಡು, ಬ್ಯಾಟರಿ, ಟ್ಯಾಂಕು ಇಳಿಯುವುದಿಲ್ಲ. ಗಾಡಿ ಮನೆ ಮುಂದೆ ನಿಂತಿರುವಾಗಲೂ ಸ್ಪ್ರಿಂಗು, ಟೈರು, ಬೇರಿಂಗುಗಳ ಮೇಲೆ ಆ ಭಾರ ಕುಳಿತೇ ಇರುತ್ತದೆ. ಆದ್ದರಿಂದ ಎಲ್ಲವನ್ನೂ ತುಂಬಿದ ಮೇಲೂ ಮಿತಿಗಿಂತ ಇನ್ನೂರು ಕೆಜಿಯಾದರೂ ಕೆಳಗಿರುವ ಹಾಗೆ ಗಾಡಿ ಆರಿಸಬೇಕೆಂಬುದು ನನ್ನ ಹಟ. ಹಿಂಬದಿ ಕುಗ್ಗಿತು ಎಂದು ಸ್ಪ್ರಿಂಗಿಗೆ ಒಂದು ಪ್ಲೇಟು ಸೇರಿಸಿ ಎತ್ತರಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದರಿಂದ ಗಾಡಿ ಎದ್ದು ನಿಲ್ಲುತ್ತದೆಯೇ ಹೊರತು ಬ್ರೇಕಾಗಲಿ, ಅಚ್ಚಾಗಲಿ, ಟೈರಾಗಲಿ ಹೆಚ್ಚು ಭಾರಕ್ಕೆ ತಕ್ಕವಾಗುವುದಿಲ್ಲ.

ಒಟ್ಟು ತೂಕದಷ್ಟೇ ಮುಖ್ಯವಾದದ್ದು ಅದು ಎಲ್ಲಿ ಕೂರುತ್ತದೆ ಎಂಬುದು. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 3,700 ಮಿಲಿಮೀಟರ್ ಇರುವ ಗಾಡಿಯಲ್ಲಿ, ಹಿಂದಿನ ಅಚ್ಚಿನಿಂದ ಒಂದು ಮೀಟರ್ ಆಚೆಗೆ ನೂರು ಲೀಟರ್ ನೀರಿನ ಟ್ಯಾಂಕು ಇಟ್ಟಿರೆಂದುಕೊಳ್ಳಿ. ಹಿಂದಿನ ಅಚ್ಚಿನ ಮೇಲೆ ಬೀಳುವುದು ನೂರಲ್ಲ, 127 ಕೆಜಿ. ಮುಂದಿನ ಅಚ್ಚಿನಿಂದ 27 ಕೆಜಿ ಏತದ ಹಾಗೆ ಮೇಲಕ್ಕೆದ್ದುಬಿಡುತ್ತದೆ. ಶೌಚಾಲಯ, ಕೊಳಚೆ ಟ್ಯಾಂಕು, ಡಿಕ್ಕಿಯ ಸಾಮಾನು ಎಲ್ಲವೂ ಹಿಂಬದಿಗೇ ಸೇರಿದರೆ ಸ್ಟೀರಿಂಗು ಹಗುರವಾಗುತ್ತದೆ, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ.

ಟಾಟಾ ವಿಂಗರ್ ಬಗ್ಗೆ ನನಗಿರುವ ಅನುಮಾನವೂ ಇದರಿಂದಲೇ ಬಂದದ್ದು. ವಿಂಗರ್‌ನಲ್ಲಿ ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎಂಬ ದಂಡ ಹಿಂದಕ್ಕೆ ಹೋಗಬೇಕಿಲ್ಲವಾದ್ದರಿಂದ ನೆಲ ತಗ್ಗಾಗಿದ್ದು ಹತ್ತಿಳಿಯುವುದು ಸುಲಭ, ಇಬ್ಬರು ಬಯಲುಸೀಮೆಯಲ್ಲಿ ಸುತ್ತಲು ನಾನು ಅದನ್ನೇ ಹೇಳುತ್ತೇನೆ. ಆದರೆ ನೀವು ಹೋಗಬೇಕೆನ್ನುವುದು ಘಟ್ಟಕ್ಕೆ. ಏರಿನಲ್ಲಿ ಭಾರ ಹೇಗೂ ಹಿಂದಕ್ಕೆ ವಾಲುತ್ತದೆ. ಒಳಗಿನ ಜೋಡಣೆಯೂ ಹಿಂಬದಿಗೇ ಭಾರವಾಗಿದ್ದರೆ, ಎಳೆಯಬೇಕಾದ ಚಕ್ರಗಳ ಮೇಲೆಯೇ ಭಾರ ಕಡಿಮೆಯಾಗಿ ಮಳೆಗಾಲದ ತಿರುವುಗಳಲ್ಲಿ ಅವು ಜಾರಿ ಸುತ್ತುತ್ತವೆ. ಫೋರ್ಸ್ ಟ್ರಾವೆಲರ್ ಹಿಂದಿನ ಚಕ್ರಗಳಿಂದ ನೂಕುವ ಗಾಡಿ. ನೆಲ ಎತ್ತರವಾದರೂ ಏರಿನಲ್ಲಿ ಹಿಂಬದಿಯ ಭಾರ ಅದಕ್ಕೆ ಹಿಡಿತವನ್ನೇ ಕೊಡುತ್ತದೆ. ಮಸಿನಗುಡಿಯಿಂದ ಕಲ್ಲಹಟ್ಟಿಯ ಮೇಲೆ ಊಟಿಗೆ ಹೋಗುವ ರಸ್ತೆಯ 36 ಹೇರ್‌ಪಿನ್ ತಿರುವುಗಳನ್ನು ಮಾತ್ರ ಯಾವ ಮೋಟಾರ್‌ಹೋಮ್‌ಗೂ ನಾನು ಸೂಚಿಸುವುದಿಲ್ಲ, ಗೂಡಲೂರಿನ ದಾರಿ ಇದೆ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆಂಬುದನ್ನು ಮೈಸೂರು ಬಿಡುವ ಹೊತ್ತಿಗೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಟ್ರಾವೆಲರ್ ಮಾದರಿಗಳ ಹೆಸರಿನೊಂದಿಗೆ ಬರುವ 3050, 3350, 3700 ಎಂಬ ಸಂಖ್ಯೆಗಳು ಎರಡು ಅಚ್ಚುಗಳ ನಡುವಿನ ಅಂತರವನ್ನು ಮಿಲಿಮೀಟರ್‌ನಲ್ಲಿ ಹೇಳುತ್ತವೆ. ಅರ್ಬೇನಿಯಾದಲ್ಲಿ ಅದು 3350, 3615 ಮತ್ತು 4400. ಈ ಅಂತರ ಹೆಚ್ಚಿದಷ್ಟೂ ಒಳಗಿನ ಸಾಮಾನು ಅಚ್ಚುಗಳ ನಡುವೆಯೇ ಕೂರುತ್ತದೆ, ಹೆದ್ದಾರಿಯಲ್ಲಿ ಗಾಡಿ ಅಲುಗಾಡದೆ ಓಡುತ್ತದೆ. ತಿರುಗಿಸಲು ಮಾತ್ರ ಹೆಚ್ಚು ಜಾಗ ಬೇಕು. 4400ರ ಅರ್ಬೇನಿಯಾವನ್ನು ಅಗ್ರಹಾರದ ಓಣಿಗಳಲ್ಲಿ ತಿರುಗಿಸುವ ಯೋಚನೆಯನ್ನೇ ಬಿಡಬೇಕು. ಅಂತರ ಕಡಿಮೆಯಿರುವ ಗಾಡಿ ಕೊಂಡು ಹಿಂಬದಿ ಉದ್ದ ಮಾಡಿಸಿಕೊಳ್ಳುವುದು ಇನ್ನೂ ಕೆಟ್ಟದ್ದು. ನಿಯಮದ ಪ್ರಕಾರ ಹಿಂದಿನ ಅಚ್ಚಿನಾಚೆಗೆ ಚಾಚುವ ಭಾಗ ಅಚ್ಚುಗಳ ನಡುವಿನ ಅಂತರದ ಶೇಕಡಾ 60 ಮೀರುವಂತಿಲ್ಲ, ನಮ್ಮ ಹಳ್ಳಿಗಳ ಹಂಪುಗಳಂತೂ ಆ ಮಿತಿಯೊಳಗಿನ ಬಾಲವನ್ನೂ ಕೆರೆಯುತ್ತವೆ.

ಇನ್ನು ಕತ್ತರಿಸುವ, ಕೊರೆಯುವ ವಿಚಾರ. ವಿಂಗರ್ ಮತ್ತು ಅರ್ಬೇನಿಯಾ ಮಾನೋಕಾಕ್ ಗಾಡಿಗಳು, ಅಂದರೆ ಮೇಲಿನ ತಗಡಿನ ಗೂಡೇ ಭಾರ ಹೊರುತ್ತದೆ. ಕಿಟಕಿಗೋ ಚಾವಣಿಯ ಎಸಿಗೋ ಕಂಬ ಅಥವಾ ಕಮಾನು ಕತ್ತರಿಸಿದರೆ ಗೂಡಿನ ಬಲವೇ ಕುಗ್ಗುತ್ತದೆ; ಕಂಬಗಳ ನಡುವಿನ ತಗಡಿನಲ್ಲಿ ಮಾತ್ರ, ಸುತ್ತ ಚೌಕಟ್ಟು ಕೊಟ್ಟು ಕತ್ತರಿಸಬೇಕು. ಬಸ್ಸಿನ ಚಾಸಿ ಹಾಗಲ್ಲ: ಎರಡು ಉದ್ದನೆಯ ಉಕ್ಕಿನ ತೊಲೆ, ನಡುವೆ ಅಡ್ಡ ತೊಲೆಗಳು, ಏಣಿಯಂಥ ಆಕಾರ. ಆ ಉದ್ದ ತೊಲೆಯನ್ನು ಹತ್ತಿರದಿಂದ ನೋಡಿದರೆ ಅಡ್ಡಸೀಳಿಕೆಯಲ್ಲಿ ಸಿ ಅಕ್ಷರದಂತಿರುತ್ತದೆ, ಕಾರ್ಖಾನೆಯವರು ಕೊರೆದ ತೂತುಗಳು ಹೆಚ್ಚಾಗಿ ನೇರ ನಿಂತ ಬದಿಯಲ್ಲಿರುತ್ತವೆ, ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ ಇರುವುದಿಲ್ಲ. ಗಾಡಿ ಬಾಗುವಾಗ ಎಳೆತ ಮತ್ತು ಒತ್ತಡ ಗರಿಷ್ಠವಾಗುವುದು ಆ ಅಂಚುಗಳಲ್ಲೇ ಆದ್ದರಿಂದ ಅಲ್ಲಿ ತೂತು ಕೊರೆಯುವುದೂ ವೆಲ್ಡಿಂಗ್ ಮಾಡುವುದೂ ಬಿರುಕಿಗೆ ದಾರಿ. ಬಾಡಿಯನ್ನು ಯು ಬೋಲ್ಟು, ಬ್ರ್ಯಾಕೆಟ್ಟು, ರಬ್ಬರ್ ಪ್ಯಾಡುಗಳ ಮೇಲೆ ಕೂರಿಸಬೇಕು, ತೊಲೆಗಳು ಒಂದಿಷ್ಟು ತಿರುಚಿಕೊಳ್ಳಲು ಜಾಗ ಬಿಡಬೇಕು. ಆರೇಳು ಜನರ ಕುಟುಂಬವಾದರೆ ಈ ದಾರಿ ಯೋಗ್ಯ. ನಾಲ್ವರಿಗೆ ಇದು ದುಬಾರಿ, ಬಸ್ಸಿನ ಗಟ್ಟಿ ಸ್ಪ್ರಿಂಗಿನ ಮೇಲೆ ಹಿಂದೆ ಮಲಗಿದವರಿಗೆ ನಿದ್ದೆಯೂ ಬರುವುದಿಲ್ಲ.

ನೀವು ಕೇಳದೆ ಬಿಟ್ಟಿರುವ ಪ್ರಶ್ನೆ ಕಾನೂನಿನದು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಮೋಟಾರ್ ಕ್ಯಾರವಾನ್ ಎಂಬ ಪ್ರತ್ಯೇಕ ವರ್ಗವಿದೆ. ಆಸನ ಮತ್ತು ಮೇಜು, ಮಲಗುವ ಜಾಗ, ಅಡುಗೆಯ ವ್ಯವಸ್ಥೆ, ಸಾಮಾನಿಡುವ ಜಾಗ ಇವಿಷ್ಟೂ ಅದರಲ್ಲಿರಬೇಕು, ಅದರ ಸುರಕ್ಷತೆಗೆ ಎಐಎಸ್ 124 ಎಂಬ ಮಾನದಂಡವಿದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹಾಗಾಗಿ ಹಳದಿ ಬೋರ್ಡಿನ ಹಳೆಯ ಟ್ರಾವೆಲರ್ ಕೊಂಡು, ಸೀಟು ಕಿತ್ತು ಮಂಚ ಹಾಕಿಸಿ, ಆಮೇಲೆ ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿ ಬದಲಿಸಿಕೊಡಿ ಎಂದು ಕೇಳುವ ಕ್ರಮ ಅಪಾಯಕರ. ಒಪ್ಪಿಗೆಯಿಲ್ಲದ ಬದಲಾವಣೆಯ ನೆಪದಲ್ಲಿ ವಿಮಾ ಕಂಪನಿಯೂ ಕೈ ಎತ್ತಬಹುದು. ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯಿಂದ ಕ್ಯಾರವಾನ್ ಮಾದರಿಗೆ ಅನುಮೋದನೆ ಪಡೆದಿರುವ ಬಾಡಿ ಬಿಲ್ಡರ್ ಯಾರೆಂದು ಮೊದಲು ವಿಚಾರಿಸಿ, ಅನುಮೋದನೆ ಪತ್ರದಲ್ಲಿ ಯಾವ ಗಾಡಿಯ ಯಾವ ಮಾದರಿಯಿದೆಯೋ ಅದನ್ನೇ ಕೊಳ್ಳಿ.

ಆ ಪತ್ರದಲ್ಲಿ ಇರುವುದಾದರೆ, ನೀವು ಹೇಳಿದ ಕುಟುಂಬಕ್ಕೆ ಮತ್ತು ದಾರಿಗೆ ನನ್ನ ಆಯ್ಕೆ ಟ್ರಾವೆಲರ್ 3700. ಹಣ ಸಾಲುವಂತಿದ್ದರೆ ಅರ್ಬೇನಿಯಾ 3615. ಟ್ರಾವೆಲರ್ ರಿಪೇರಿ ಗೊತ್ತಿರುವ ಮೆಕ್ಯಾನಿಕ್ ಗುಂಡ್ಲುಪೇಟೆಯಲ್ಲೂ ಸಿಗುತ್ತಾನೆ, ಬಿಡಿಭಾಗ ಮಂಡ್ಯದಲ್ಲೇ ಸಿಗುತ್ತದೆ; ಕೆಟ್ಟು ನಿಂತ ದಿನ ಇದರ ಬೆಲೆ ತಿಳಿಯುತ್ತದೆ. ಪ್ಲೈವುಡ್ಡಿನ ಬದಲು ಅಲ್ಯೂಮಿನಿಯಂ ಚೌಕಟ್ಟಿಗೆ ತೆಳು ಹಾಳೆ ಹಾಕಿಸಿ, ಟ್ಯೂಬ್ಯುಲರ್ ಬದಲು ಲಿಥಿಯಂ ಬ್ಯಾಟರಿ ಇಡಿಸಿದರೆ ಮೇಲಿನ ಪಟ್ಟಿಯಲ್ಲಿ ಇನ್ನೂರು ಕೆಜಿಯ ಹತ್ತಿರ ಉಳಿಸಬಹುದು. ನೀರಿನ ಟ್ಯಾಂಕು ಎರಡು ಅಚ್ಚುಗಳ ನಡುವೆ, ನೆಲದ ಮಟ್ಟದಲ್ಲಿರಲಿ. ಅಡುಗೆ ಕಟ್ಟೆ ಎಡಕ್ಕಿದ್ದರೆ ಬ್ಯಾಟರಿಗಳು ಬಲಕ್ಕಿರಲಿ.

ಕೆಲಸ ಮುಗಿದ ಮೇಲೆ ನೀರು, ಡೀಸೆಲ್, ಸಾಮಾನು, ಮನೆಯವರು ಎಲ್ಲವನ್ನೂ ಎಲ್ಲರನ್ನೂ ತುಂಬಿಕೊಂಡು, ಲಾರಿಗಳನ್ನು ತೂಗುವ ವೇ ಬ್ರಿಡ್ಜಿಗೆ ಹೋಗಿ. ಕಬ್ಬಿನ ಸೀಮೆಯಲ್ಲಿರುವ ನಿಮಗೆ ಅದನ್ನು ಹುಡುಕಬೇಕಿಲ್ಲ. ಮುಂದಿನ ಚಕ್ರಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿ ಒಂದು ಚೀಟಿ, ಪೂರ್ತಿ ಗಾಡಿಯದು ಇನ್ನೊಂದು ಚೀಟಿ ತೆಗೆದುಕೊಳ್ಳಿ. ಒಂದರಿಂದ ಒಂದನ್ನು ಕಳೆದರೆ ಹಿಂದಿನ ಅಚ್ಚಿನ ತೂಕ ಬರುತ್ತದೆ. ಅದನ್ನು ಅಚ್ಚಿನ ಮಿತಿಗೂ ಟೈರಿನ ಮಿತಿಗೂ ಹೋಲಿಸಿ ನೋಡಿ. ಟೈರಿನ ಪಕ್ಕೆಯ ಮೇಲೆ ಅಳತೆಯ ನಂತರ ಅಚ್ಚಾಗಿರುವ ಸಂಖ್ಯೆ 106 ಆಗಿದ್ದರೆ ಆ ಟೈರು 950 ಕೆಜಿ, 112 ಆಗಿದ್ದರೆ 1,120 ಕೆಜಿ ಹೊರುತ್ತದೆ. ಹಿಂದೆ ಜೋಡಿ ಚಕ್ರವಿದ್ದರೆ ಓರೆಗೀಟಿನ ನಂತರದ ಸಂಖ್ಯೆಯನ್ನು ಹಿಡಿಯಬೇಕು. ಹಳೆಯ ಗಾಡಿಯನ್ನೇ ಕೊಳ್ಳುವುದಾದರೆ ಅಲ್ಲೇ ಪಕ್ಕದಲ್ಲಿರುವ ನಾಲ್ಕಂಕಿಯನ್ನೂ ನೋಡಿ: 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದ ಟೈರು.