ಕುರ್ಚಿ ಕೇಳೋದು ತಪ್ಪಾ ಸರ್?

ಸಿಂಧನೂರಿನ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಬಂದು ಮೂರು ವಾರ ಆಯಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಪತ್ರವನ್ನು ಇದ್ದ ಹಾಗೇ ಅಚ್ಚು ಮಾಡಿದರೆ ನಿಮ್ಮ ಸಂಘದವರಿಗೆ ಎರಡನೇ ಸಾಲಿಗೇ ಗೊತ್ತಾಗಿಬಿಡುತ್ತೆ. ಅದಕ್ಕೇ ಊರನ್ನೂ ಬದಲಿಸಿದ್ದೇನೆ. ಸಿಂಧನೂರಿನವರು ಬೇಜಾರು ಮಾಡಿಕೊಳ್ಳಬಾರದು. ಉಳಿದ ಓದುಗರಿಗಾಗಿ ವಿಷಯವನ್ನು ನಾನೇ ಚುಟುಕಾಗಿ ಹೇಳುತ್ತೇನೆ.

ನೀವು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ ಮುಗಿಸಿ, 11 ವರ್ಷದಿಂದ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಕೌನ್ಸೆಲರ್ ಆಗಿದ್ದೀರಿ. ಎಚ್‌ಐವಿ ಪರೀಕ್ಷೆಗೆ ಬಂದವರನ್ನು ಕೂರಿಸಿ ಮಾತಾಡಿಸುವುದು, ಫಲಿತಾಂಶ ಹೇಳುವುದು, ಮುಂದಿನ ಚಿಕಿತ್ಸೆಗೆ ಕಳಿಸುವುದು ನಿಮ್ಮ ಕೆಲಸ. ಗುತ್ತಿಗೆ ನೌಕರಿ. ಸಮಾಜ ಕಾರ್ಯಕರ್ತರ ಜಿಲ್ಲಾ ಸಂಘಕ್ಕೆ ಆರು ವರ್ಷದಿಂದ ಸದಸ್ಯೆ. ಈ ಸಲ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕು ಅಂತ ಆಸೆ. ಸಂಘದ ಹಿರಿಯರೊಬ್ಬರಿಗೆ ಹೇಳಿದ್ದಕ್ಕೆ ಅವರು, “ಯಾಕವ್ವಾ ನಿನಗ ಇದೆಲ್ಲ? ಬೆಂಗಳೂರಿಗೆ ಓಡಾಡೋರು ಬೇಕಾಗ್ತದ. ಸಹ ಕಾರ್ಯದರ್ಶಿ ಮಾಡ್ತೀವಿ, ಅವಿರೋಧ ಆಗ್ತದ, ಸುಮ್ನ ಇರು” ಅಂದರಂತೆ. ಮನೆಗೆ ಬಂದ ಮೇಲೆ ನಿಮ್ಮ ಮೇಲೆ ನಿಮಗೇ ಅನುಮಾನ ಬಂತು. “ಸೇವೆ ಮಾಡೋರು ಕುರ್ಚಿ ಕೇಳೋದು ತಪ್ಪಾ ಸರ್?” ಅಂತ ಕೊನೇ ಪುಟದಲ್ಲಿ ಕೇಳಿದ್ದೀರಿ.

ತಪ್ಪಲ್ಲ. ನಿಲ್ಲಿ.

ಮೊದಲು ಆ ‘ಸೇವೆ’ ಅನ್ನೋ ಪದದ ಬಗ್ಗೆ ಎರಡು ಮಾತು. ನಮ್ಮ ಬಳ್ಳಾರಿಯ ಯಾವ ಸರ್ಕಲ್‌ನಲ್ಲಿ ನಿಂತರೂ ಒಂದು ಫ್ಲೆಕ್ಸ್ ಕಾಣುತ್ತೆ. ಅದರಲ್ಲೊಬ್ಬರು ಕೈ ಮುಗಿದಿರುತ್ತಾರೆ. ಕೆಳಗೆ ‘ಸಮಾಜ ಸೇವಕರು’ ಅಂತ ಇರುತ್ತೆ. ಅವರು ಹಬ್ಬಕ್ಕೆ ಕಂಬಳಿ ಹಂಚಿರಬಹುದು, ಒಳ್ಳೆಯದೇ. ನಿಮ್ಮದು ಅದಲ್ಲ. ನೀವು ಎರಡು ವರ್ಷ ಓದಿ, ಫೀಲ್ಡ್‌ವರ್ಕ್ ಮಾಡಿ, ಡಿಗ್ರಿ ತೆಗೆದುಕೊಂಡು ಬಂದ ವೃತ್ತಿ. ಈ ಓದು ನಮ್ಮ ದೇಶದಲ್ಲಿ ಶುರುವಾಗಿದ್ದೇ 1936ರಲ್ಲಿ, ಬೊಂಬಾಯಿಯಲ್ಲಿ. ಈಗ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಸಂಸ್ಥೆ ಅದು. ಆದರೆ ವಕೀಲರಿಗೆ 1961ರ ಕಾಯ್ದೆ ಇದೆ, ಬಾರ್ ಕೌನ್ಸಿಲ್ ಇದೆ. ಸನ್ನದು ಇಲ್ಲದವರು ಕರಿ ಕೋಟು ಹಾಕಿಕೊಂಡು ಕೋರ್ಟಿನಲ್ಲಿ ನಿಲ್ಲಲು ಆಗಲ್ಲ. ನಿಮ್ಮ ವೃತ್ತಿಗೆ ಒಟ್ಟಾರೆಯಾಗಿ ಅಂಥ ಕೌನ್ಸಿಲ್ ಇಲ್ಲ. ಹಾಗಾಗಿ ನಿಮ್ಮವರ ಪರ ಮಾತಾಡಲು ಇರುವುದು ಸಂಘ ಒಂದೇ. ಅದರ ಕುರ್ಚಿ ಮೇಲೆ ಯಾರು ಕೂರುತ್ತಾರೆ ಅನ್ನುವುದು ನಿಮಗೆ ಜಾಸ್ತಿ ಮುಖ್ಯ ಆಗಬೇಕು, ಕಮ್ಮಿ ಅಲ್ಲ.

ಈಗ ‘ಅವಿರೋಧ’. ಇದನ್ನು ನಾನು ಅನುಭವಿಸಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಇಪ್ಪತ್ತು ವರ್ಷದ ಹಿಂದೆ ನಾನೂ ಒಂದು ಸಂಘಕ್ಕೆ ಸಹ ಕಾರ್ಯದರ್ಶಿ ಆಗಿದ್ದೆ. ಯಾವ ಸಂಘ ಅಂತ ಬೇಡ. ಭಾನುವಾರ ಸಂಜೆ ಸರ್ವ ಸದಸ್ಯರ ಸಭೆ. ಬಾಡಿಗೆ ಹಾಲ್, ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಒಗ್ಗರಣಿ ಮಿರ್ಚಿ ಬಂದಿಳಿದಿದೆ, ಎಣ್ಣೆ ವಾಸನೆ ಇಡೀ ಹಾಲ್ ತುಂಬಿದೆ. ಹಳೇ ಅಧ್ಯಕ್ಷರು ಜೇಬಿನಿಂದ ಒಂದು ಹಾಳೆ ತೆಗೆದರು. ಟೈಪ್ ಮಾಡಿಸಿದ ಹಾಳೆ. ಒಂದೊಂದೇ ಹೆಸರು ಓದುತ್ತಾ ಹೋದರು, ಚಪ್ಪಾಳೆ ಬೀಳುತ್ತಾ ಹೋಯಿತು. ನನ್ನ ಹೆಸರು ಬಂತು. ನನಗೆ ಯಾರೂ ಮೊದಲು ಕೇಳಿರಲಿಲ್ಲ. ಖುಷಿ ಆಯಿತು, ಸುಳ್ಳು ಯಾಕೆ ಹೇಳಲಿ. ‘ಸರ್ವಾನುಮತದಿಂದ’ ಅಂತ ನಡಾವಳಿ ಪುಸ್ತಕದಲ್ಲಿ ಬರೆದವನೂ ನಾನೇ. ಬರೆದು ಮುಗಿಸುವಷ್ಟರಲ್ಲಿ ಮಿರ್ಚಿ ಖಾಲಿ.

ಆಮೇಲೆ ಎರಡು ವರ್ಷ ನಾನು ಮಾಡಿದ್ದು ಹಾಲ್ ಬುಕ್ ಮಾಡುವುದು, ಶಾಲು ಹಾರ ತರುವುದು, ನಡಾವಳಿ ಬರೆಯುವುದು. ಸದಸ್ಯರ ಪಟ್ಟಿ ಒಂದು ದಿನವೂ ಕೈಗೆ ಸಿಗಲಿಲ್ಲ. ಅದು ಕಾರ್ಯದರ್ಶಿಯ ರೆಗ್ಜಿನ್ ಬ್ಯಾಗಿನಲ್ಲಿ ಇರುತ್ತಿತ್ತು. ಕೊನೆಗೊಂದು ದಿನ ಅವರು ಬ್ಯಾಗ್ ಬಿಟ್ಟು ಚಹಾಕ್ಕೆ ಹೋದಾಗ ತೆಗೆದು ನೋಡಿದೆ. ನಾನೇ ಹೂವಿನ ಹಾರ ಹಾಕಿ ಬಂದಿದ್ದ ಇಬ್ಬರು ತೀರಿಹೋದವರು ಆ ವರ್ಷವೂ ಚಂದಾ ಕಟ್ಟಿದ್ದರು. ಚಂದಾ ಕಟ್ಟಲು ನಾಲ್ಕು ಸಲ ಬಂದು ವಾಪಸ್ ಹೋಗಿದ್ದ ಒಬ್ಬ ಹುಡುಗಿಯ ಹೆಸರು ಇರಲಿಲ್ಲ.

ನಾನು ಏನು ಮಾಡಿದೆ ಅಂತ ಕೇಳುತ್ತೀರಿ ಅಲ್ವಾ? ಏನೂ ಮಾಡಲಿಲ್ಲ. ಅವರೇ ಕೊಟ್ಟ ಸ್ಥಾನ, ಅವರ ಎದುರು ಹೇಗೆ ಮಾತಾಡೋದು ಅಂತ ಬಾಯಿ ಮುಚ್ಚಿಕೊಂಡೆ. ನಿಮಗೆ ಕೊಡುತ್ತೇವೆ ಅನ್ನುತ್ತಿರುವ ಸಹ ಕಾರ್ಯದರ್ಶಿ ಸ್ಥಾನದ ಬೆಲೆ ಅದು. ಓಟು ಕೇಳಿ ಸೋತರೆ ಯಾರ ಋಣವೂ ಇರಲ್ಲ.

ಬೆಂಗಳೂರಿಗೆ ಓಡಾಡಬೇಕು ಅನ್ನುವ ಮಾತಿಗೆ ಬರುತ್ತೇನೆ. ಇದನ್ನು ಕೇಳಿದರೆ ನನಗೆ ನಗು ಬರುತ್ತೆ, ಬಳ್ಳಾರಿಯವನಾಗಿ ಸ್ವಲ್ಪ ಸಿಟ್ಟೂ ಬರುತ್ತೆ. 1985ರಲ್ಲಿ ನಿಮ್ಹಾನ್ಸ್‌ನವರೇ ಬೆಂಗಳೂರಿನಿಂದ ಬಳ್ಳಾರಿಗೆ ಬಂದರು. ಮಾನಸಿಕ ಕಾಯಿಲೆಗೆ ಜನ ಬೆಂಗಳೂರಿಗೆ ಹೋಗುವುದು ಬೇಡ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಸಿಗಬೇಕು ಅಂತ ಇಲ್ಲಿಯ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಅದಕ್ಕೆ ‘ಬಳ್ಳಾರಿ ಮಾದರಿ’ ಅಂತಲೇ ಹೆಸರು ಬಿತ್ತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಈ ಮಾದರಿ ಹಿಡಿದೇ. ಇವತ್ತು ದೇಶದ ಎಷ್ಟೋ ಜಿಲ್ಲೆಗಳಲ್ಲಿ ಸಮಾಜ ಕಾರ್ಯಕರ್ತರಿಗೆ ಆ ಕಾರ್ಯಕ್ರಮದಲ್ಲಿ ಕೆಲಸ ಇದೆ ಅಂದರೆ ಅದರ ಬೇರು ಇಲ್ಲಿದೆ. ವಿಧಾನಸೌಧದ ಕಾರಿಡಾರ್ ಗೊತ್ತಿದ್ದರೆ ಒಳ್ಳೆಯದು, ಬೇಡ ಅನ್ನಲ್ಲ. ಮಸ್ಕಿಯ ಹಳ್ಳಿಯಲ್ಲಿ ಒಬ್ಬರ ಮನೆ ಬಾಗಿಲು ತಟ್ಟಿದರೆ ಒಳಗೆ ಏನು ಮಾತು ಬರುತ್ತೆ ಅಂತ ಗೊತ್ತಿರುವವರು ಬೇಡವಾ ಅಧ್ಯಕ್ಷರಾಗಲು?

ಇನ್ನೊಂದು ಮಾತನ್ನು ಆ ಹಿರಿಯರು ಬಾಯಿಬಿಟ್ಟು ಹೇಳಿಲ್ಲ, ನೀವೂ ಬರೆದಿಲ್ಲ. ನಿಮ್ಮ ಸಂಘದಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು ಅಂತ ಎರಡನೇ ಪುಟದಲ್ಲಿದೆ. ಇಲ್ಲಿವರೆಗಿನ ಅಧ್ಯಕ್ಷರೆಲ್ಲ ಗಂಡಸರು ಅಂತ ಮೂರನೇ ಪುಟದಲ್ಲಿದೆ. ಎರಡನ್ನೂ ನೀವು ಜೋಡಿಸಿಲ್ಲ. ಕಾನೂನು ಮುರಿದ ಆರೋಪ ಇರುವ ಮಕ್ಕಳ ಪ್ರಕರಣ ನೋಡುವ ಬಾಲ ನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ ಆಗಿರಲೇಬೇಕು ಅಂತ 2015ರ ಕಾಯ್ದೆ ಹೇಳುತ್ತೆ. ಕಾನೂನು ಬರೆದವರಿಗೆ ಹೊಳೆದದ್ದು ನಿಮ್ಮ ಸಂಘಕ್ಕೆ ಹೊಳೆದಿಲ್ಲ. ಅಮೆರಿಕದಲ್ಲೂ ಇದೇ ಕಥೆ ಇತ್ತು ಬಿಡಿ. ಅಲ್ಲಿ ಈ ಕ್ಷೇತ್ರದವರ ರಾಷ್ಟ್ರೀಯ ಸಮ್ಮೇಳನ 1874ರಿಂದ ನಡೆಯುತ್ತಿತ್ತು. ಮೊದಲ ಸಲ ಒಬ್ಬ ಹೆಂಗಸು, ಜೇನ್ ಆಡಮ್ಸ್, ಅದರ ಅಧ್ಯಕ್ಷತೆ ವಹಿಸಿದ್ದು 1910ರಲ್ಲಿ. ಅಷ್ಟರಲ್ಲಿ ಆಕೆ ಶಿಕಾಗೋದ ಬಡವರ ಕೇರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿಯಾಗಿತ್ತು.

ಈಗ ನಿಮ್ಮ ಮೇಲೆ ಒಂದು ದೂರು. ನಾಲ್ಕು ಪುಟದಲ್ಲಿ, ಅಧ್ಯಕ್ಷೆ ಆದರೆ ಏನು ಮಾಡುತ್ತೀರಿ ಅನ್ನುವುದಕ್ಕೆ ಒಂದೇ ಸಾಲು: “ಸಂಘವನ್ನು ಬಲಪಡಿಸುವ ಆಸೆ.” ಇದನ್ನು ಜೇಬಿನಿಂದ ಹಾಳೆ ತೆಗೆದವರೂ ಹೇಳಿದ್ದರು. ಓಟು ಕೇಳಲು ಹೋದಾಗ ಲಿಂಗಸುಗೂರಿನ ಹುಡುಗನೊಬ್ಬ “ನಿಮ್ಮಿಂದ ನಮಗೇನು ಮೇಡಂ?” ಅಂದರೆ ಏನು ಹೇಳುತ್ತೀರಿ?

ನಾನಾದರೆ ಒಂದು ವಿಷಯ ಹಿಡಿಯುತ್ತಿದ್ದೆ. 2021ರಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ಮಾಡಿತು. ಅದರ ವೃತ್ತಿ ಪಟ್ಟಿಯಲ್ಲಿ ಮೆಡಿಕಲ್ ಸೋಷಿಯಲ್ ವರ್ಕರ್ ಇದ್ದಾರೆ, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಇದ್ದಾರೆ, ಎಚ್‌ಐವಿ ಕೌನ್ಸೆಲರ್‌ಗಳೂ ಇದ್ದಾರೆ. ಅಂದರೆ ನೀವೇ ಇದ್ದೀರಿ. ಆಸ್ಪತ್ರೆ ಕಡೆ ಕೆಲಸ ಮಾಡುವ ನಿಮ್ಮವರಿಗೆ ರಾಜ್ಯದ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳುವ ದಾರಿ ಇದು. ಯಾರಿಗೆ ಯಾವ ಅರ್ಹತೆ ಬೇಕು, ಯಾವ ಕಾಗದ ಬೇಕು, ಎಲ್ಲಿಗೆ ಕಳಿಸಬೇಕು ಅಂತ ನಿಮ್ಮ ಸಂಘ ಒಂದು ಸಭೆ ಮಾಡಿದೆಯಾ? ಪತ್ರ ನೋಡಿದರೆ ಸನ್ಮಾನ ಬಿಟ್ಟು ಬೇರೆ ಸಭೆ ಆದ ಹಾಗಿಲ್ಲ. “ಆರು ತಿಂಗಳಲ್ಲಿ ಪ್ರತಿ ತಾಲ್ಲೂಕಿನಲ್ಲಿ ಒಂದು ದಿನ ಕೂತು ನಿಮ್ಮ ಕಾಗದ ರೆಡಿ ಮಾಡಿಸುತ್ತೇನೆ” ಅನ್ನಿ. ಆ ಹುಡುಗ ಕುರ್ಚಿ ಎಳೆದು ಕೂರಿಸುತ್ತಾನೆ.

ಎರಡನೆಯದು ಸಭೆಯ ಹೊತ್ತು. ಸಂಜೆ ಆರಕ್ಕೆ ರಾಯಚೂರಿನಲ್ಲಿ ಸಭೆ ಇಟ್ಟರೆ, ಸುಮಾರು 90 ಕಿಲೋಮೀಟರ್ ದೂರದಿಂದ ಬರುವ ಹೆಣ್ಣುಮಗಳು ಚುನಾವಣೆ ವಿಷಯ ಬರುವ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತಾಳೆ. ಇದನ್ನು ಯಾರೋ ಬೇಕಂತಲೇ ಮಾಡಿದರು ಅನ್ನಲ್ಲ. ಬದಲಿಸಲು ಯಾರಿಗೂ ಅವಸರ ಇರಲಿಲ್ಲ ಅಷ್ಟೇ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಡಿ ಅಂತ ಹತ್ತು ಜನರ ಸಹಿ ಹಾಕಿಸಿ ಈಗಲೇ ಅರ್ಜಿ ಕೊಡಿ. ಚುನಾವಣೆ ಪ್ರಚಾರ ಅಲ್ಲಿಂದಲೇ ಶುರುವಾದ ಹಾಗಾಯಿತು.

ಓಟು ಕೇಳಲು ನಾಚಿಕೆ ಅಂತ ಬರೆದಿದ್ದೀರಿ. ಮೇಡಂ, 11 ವರ್ಷದಿಂದ ಒಬ್ಬರ ಮುಖ ನೋಡಿಕೊಂಡು “ನಿಮ್ಮ ರಿಪೋರ್ಟ್ ಪಾಸಿಟಿವ್ ಬಂದಿದೆ” ಅಂತ ಹೇಳಿ, ಅವರು ಅತ್ತು ಮುಗಿಸುವ ತನಕ ಕೂತು, ನೀರು ಕೊಟ್ಟು ಕಳಿಸಿದವರು ನೀವು. “ನಾನು ನಿಂತಿದ್ದೇನೆ, ನನಗೆ ಓಟು ಹಾಕಿ” ಅನ್ನುವುದು ಅದಕ್ಕಿಂತ ಕಷ್ಟದ್ದಾ? ವಾಟ್ಸಾಪ್ ಗ್ರೂಪಿನಲ್ಲಿ ಕೈ ಮುಗಿದ ಚಿತ್ರ ಹಾಕಬೇಡಿ. ಒಬ್ಬೊಬ್ಬರಿಗೂ ಫೋನ್ ಮಾಡಿ. ಮೊದಲು ಅವರ ಕಷ್ಟ ಕೇಳಿ, ಆಮೇಲೆ ನಿಮ್ಮದು ಹೇಳಿ. ಇದನ್ನು ನಿಮಗೆ ಕಲಿಸಲು ನಾನು ಯಾರು!

ಚುನಾವಣೆಗೆ ನಿಂತರೆ ಗುತ್ತಿಗೆ ನವೀಕರಣ ಆಗದೇ ಹೋದೀತು ಅನ್ನುವ ಭಯ ಮಾತ್ರ ಸುಳ್ಳಲ್ಲ. ಸಂಘ ಕಟ್ಟುವ, ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ ಅಂತ ಹೇಳುವುದು ಸುಲಭ. ಮಾರ್ಚ್ ತಿಂಗಳಲ್ಲಿ ಫೈಲ್ ಮೇಲೆ ಸಹಿ ಹಾಕುವವರು ಬೇರೆ. ನಿಮ್ಮ ಕರಾರು ಪತ್ರವನ್ನು ಒಮ್ಮೆ ಪೂರ್ತಿ ಓದಿ, ಸಾಧ್ಯವಾದರೆ ವಕೀಲರಿಗೂ ತೋರಿಸಿ. ರಜೆ ಹಾಕದೆ ಸಂಘದ ಕೆಲಸಕ್ಕೆ ಹೋಗಬೇಡಿ. ಒಬ್ಬರೇ ನಿಲ್ಲುವ ಬದಲು ಕಾರ್ಯದರ್ಶಿ, ಖಜಾಂಚಿ ಸ್ಥಾನಕ್ಕೂ ಜೊತೆಯವರನ್ನು ನಿಲ್ಲಿಸಿ. ಅವರಲ್ಲಿ ಒಬ್ಬರಾದರೂ ಕಾಯಂ ನೌಕರಿಯವರೋ, ಕಾಲೇಜಿನ ಮೇಷ್ಟ್ರೋ ಇದ್ದರೆ ಒಳ್ಳೆಯದು. ನನ್ನ ರೆಗ್ಜಿನ್ ಬ್ಯಾಗಿನ ಕಥೆ ನೆನಪಿರಲಿ. ಅಧ್ಯಕ್ಷರು ಯಾರೇ ಆದರೂ ಬ್ಯಾಗ್ ಇರುವುದು ಕಾರ್ಯದರ್ಶಿ ಕೈಯಲ್ಲಿ.

ಕೊನೆಗೆ ಕಾಗದಪತ್ರ. ನಿಮ್ಮ ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಣಿ ಆದದ್ದು ಅಂತ ಲೆಟರ್‌ಹೆಡ್ಡಿನಲ್ಲಿದೆ. ಹಾಗಿದ್ದರೆ ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಮಾಡಲೇಬೇಕು. ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗಲೇಬೇಕು. ಬೈಲಾದ ನಕಲು ಕೊಡಿ ಅಂತ ಕಾರ್ಯದರ್ಶಿಗೆ ಬರೆದು ಕೇಳಿ. ಕೊಡದಿದ್ದರೆ ಆ ಕಚೇರಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಸದಸ್ಯರಲ್ಲಿ ಮೂರನೇ ಒಂದು ಭಾಗ ಜನ ಸಹಿ ಮಾಡಿ ಕೇಳಿದರೆ ಸಂಘದ ವ್ಯವಹಾರದ ಬಗ್ಗೆ ವಿಚಾರಣೆ ಮಾಡಿಸಲೂ ಕಾಯ್ದೆಯಲ್ಲಿ ಅವಕಾಶ ಇದೆ. ಅಷ್ಟು ದೂರ ಹೋಗುವ ಪ್ರಸಂಗ ಬರದಿರಲಿ. ಎಷ್ಟಾದರೂ ನಾಳೆ ಅವರ ಜೊತೆಗೇ ಕೆಲಸ ಮಾಡಬೇಕಲ್ಲ.

ಬೈಲಾ ಕೈಗೆ ಬಂದರೆ ಮೊದಲು ನೋಡಬೇಕಾದದ್ದು, ನಿಲ್ಲಲು ಎಷ್ಟು ವರ್ಷದ ಸದಸ್ಯತ್ವ ಬೇಕು, ಬಾಕಿ ಇದ್ದರೆ ನಿಲ್ಲಬಹುದಾ ಅನ್ನುವುದು. ಹೋದ ವರ್ಷದ ಚಂದಾ ಕಟ್ಟಿದ್ದೀರೋ ಇಲ್ಲವೋ ನಿಮಗೇ ನೆನಪಿಲ್ಲ ಅಂತ ಬರೆದಿದ್ದೀರಿ. ನಾಳೆಯೇ ಹೋಗಿ ಕಟ್ಟಿ. ಫೋನ್‌ಪೇ ಮಾಡಿ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಸಾಲದು. ನಂಬರ್ ಇರುವ ಕಾಗದದ ರಸೀದಿ ಕೇಳಿ, ಅವರು ಬರೆದು ಹರಿದು ಕೊಡುವ ತನಕ ಅಲ್ಲೇ ಕೂತಿರಿ.

— ಸಂಪಾದಕ